ಹೋಂವರ್ಕಿಗೆ ನೆಟ್ ನೋಡಿದರೆ ಕಾಪಿಯೇ? ನನ್ನ ಎರಡು ಶಾಯಿಯ ಪದ್ಧತಿ

ನೆಟ್‌ನಲ್ಲಿ ಉತ್ತರ ನೋಡುವುದು ಕಾಪಿ ಅಲ್ಲ. ಒಮ್ಮೆಯೂ ಸ್ವಂತ ತಲೆ ಓಡಿಸದೆ ನೋಡಿ, ಅದನ್ನು ಮುಚ್ಚಿಟ್ಟು ಅಂಕ ಕೇಳುವುದು ಕಾಪಿ. ಭೌತಶಾಸ್ತ್ರದ ಹೋಂವರ್ಕನ್ನು ಈ ಲೆಕ್ಕದಲ್ಲಿ ಕೊಡತೊಡಗಿದಾಗ "ಕಾಪಿ ಹೊಡೆಯೋಕೆ ಲೈಸೆನ್ಸ್ ಕೊಟ್ಟ ಹಾಗಾಯ್ತು" ಎಂದ ಸಹಶಿಕ್ಷಕರೇ ಈಗ ನನ್ನ ಪ್ರಶ್ನೆಗಳನ್ನು ಕೇಳಿ ಒಯ್ಯುತ್ತಾರೆ.

ಐದು ಲೆಕ್ಕ ಕೊಡುತ್ತೇನೆ. ಮೊದಲ 20 ನಿಮಿಷ ಪುಸ್ತಕ, ಫೋನ್ ಎರಡೂ ಮುಚ್ಚಿ ನೀಲಿ ಶಾಯಿಯಲ್ಲಿ ಬರೆಯಬೇಕು. ಆಮೇಲೆ ನೆಟ್ ತೆರೆದು ಹಸಿರು ಶಾಯಿ. ನೀಲಿಯನ್ನು ಅಳಿಸುವಂತಿಲ್ಲ, ಪಕ್ಕದಲ್ಲೇ ತಿದ್ದಿ, ಎಲ್ಲಿ ಸಿಕ್ಕಿತು, ತಾನು ಎಲ್ಲಿ ಎಡವಿದೆ ಎಂದು ಒಂದೊಂದು ಸಾಲು ಬರೆಯಬೇಕು. ಮೂರನೇ ದಿನ ತರಗತಿಯಲ್ಲಿ, ಏನನ್ನೂ ನೋಡದೆ, ಅವೇ ಐದರಲ್ಲಿ ಎರಡು, ಸಂಖ್ಯೆ ಬದಲಿಸಿ. 10 ಅಂಕದಲ್ಲಿ ನೀಲಿಗೆ 2 (ತಪ್ಪಿದ್ದರೂ ಪೂರ್ತಿ), ಹಸಿರಿಗೆ 2, ಮೂರನೇ ದಿನಕ್ಕೆ 6. ಹೋಂವರ್ಕಿನ ಪಾಲು ಅರ್ಧ ದಾಟಿತೋ, ನೀಲಿ ಶಾಯಿಯೂ ನೆಟ್‌ನಿಂದಲೇ ಬರತೊಡಗುತ್ತದೆ.

ಸಂಖ್ಯೆ ಬದಲಿಸುವುದರಲ್ಲೇ ಕಸುಬು ಇರುವುದು. ನಿಮ್ನ ದರ್ಪಣ (ಒಳಬಾಗಿದ ಕನ್ನಡಿ), ಸಂಗಮ ದೂರ 15 ಸೆಂ.ಮೀ., ವಸ್ತು 20 ಸೆಂ.ಮೀ.ನಲ್ಲಿ: ಬಿಂಬ 60 ಸೆಂ.ಮೀ. ಮುಂದೆ, ಸತ್ಯ (ಪರದೆಯ ಮೇಲೆ ಹಿಡಿಯಬಹುದಾದದ್ದು), ತಲೆಕೆಳಗು. ಮೂರನೇ ದಿನ ವಸ್ತುವನ್ನು 10 ಸೆಂ.ಮೀ.ಗೆ ತಂದರೆ ಬಿಂಬ 30 ಸೆಂ.ಮೀ. ದರ್ಪಣದ ಹಿಂದೆ, ಮಿಥ್ಯ (ಪರದೆಯ ಮೇಲೆ ಸಿಗದ್ದು), ನೇರ. ಬಾಯಿಪಾಠ ಮಾಡಿದವರು "ಸತ್ಯ, ತಲೆಕೆಳಗು" ಎಂದೇ ಬರೆಯುತ್ತಾರೆ. 20ನ್ನು 25 ಮಾಡಿದರೆ ಪ್ರಯೋಜನವಿಲ್ಲ, ಉತ್ತರದ ಸ್ವಭಾವವೇ ಮಗುಚಬೇಕು.

ನಕಲು ನೀಲಿಯನ್ನು ಹಿಡಿಯಲು ಧನ-ಋಣ ಚಿಹ್ನೆ ನೋಡಿ. ನಾವು ಹೇಳಿಕೊಡುವ ಕಾರ್ಟೀಸಿಯನ್ ಪದ್ಧತಿಯಲ್ಲಿ ನಿಮ್ನ ದರ್ಪಣದ ಸಂಗಮ ದೂರ ಋಣ. ಅಮೆರಿಕದ ಹಲವು ಪಠ್ಯಗಳಲ್ಲಿ ಧನ, ನೀಲಿಯಲ್ಲಿ ಅದು ಕಂಡರೆ ನೆಟ್‌ನಿಂದ ಬಂದಿರಬಹುದು. ಗುರುತ್ವ ವೇಗೋತ್ಕರ್ಷ (g) 10 ಎಂದು ಕೊಟ್ಟಿದ್ದಲ್ಲಿ 9.8 ಬಂದರೂ ಅನುಮಾನಿಸಿ. ಇನ್ನೆರಡು ಗುರುತುಗಳಿವೆ, ಅವನ್ನು ಬರೆದರೆ ಮಕ್ಕಳೂ ಓದುತ್ತಾರೆ.

ಹಣದ ಮಾತು. ಬೇರೆ ಪುಟ ತೆರೆಯದಂತೆ ಪರದೆಗೆ ಬೀಗ ಹಾಕುವ ಸಾಫ್ಟ್‌ವೇರಿಗೆ ತಲೆಗಿಷ್ಟು ಎಂದು ವರ್ಷವರ್ಷ ಕಟ್ಟಿದ್ದು ದಂಡ: ಪಕ್ಕದಲ್ಲಿ ಎರಡನೇ ಫೋನ್ ಇದ್ದರೆ ಬೀಗಕ್ಕೆ ಅರ್ಥವೇ ಇಲ್ಲ. ಹಸಿರು ಪೆನ್ನಿಗೆ ಎಷ್ಟಾಗುತ್ತದೆ?

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗ್ಲಾಸ್ ತಂಡ 11 ವರ್ಷದ ಅಂಕಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ್ದು ಇದೇ ರೋಗವನ್ನು: ಹೋಂವರ್ಕಿಗಿಂತ ಪರೀಕ್ಷೆಯಲ್ಲಿ ಕಡಿಮೆ ತೆಗೆದವರು 2008ರಲ್ಲಿ ಶೇ. 14, 2017ರಲ್ಲಿ ಶೇ. 55. ನನ್ನ ತರಗತಿಗಳಲ್ಲಿ ಮೂರನೇ ದಿನದ ಲೆಕ್ಕ ಸರಿ ಮಾಡುವವರು ನೆನಪಿನ ಪ್ರಕಾರ ಮೊದಲು ಮೂರರಲ್ಲೊಬ್ಬರಿದ್ದರು, ಈಗ ಮೂರರಲ್ಲಿಬ್ಬರು.

ನಡುವೆ ಬೇರೆ ಪ್ರಯೋಗವೂ ಆಯಿತು. ಹಸಿರು ಶಾಯಿಯನ್ನು ಜೋಡಿಯಾಗಿ ಬರೆಸಿದರೆ ಒಬ್ಬರು ಹುಡುಕುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ, ಅದನ್ನು ಕೈಬಿಟ್ಟೆ. ಒಂದೇ ಒಂದು ಹೆಜ್ಜೆ ತಪ್ಪಿರುವ ಪೂರ್ತಿ ಉತ್ತರ ಕೊಟ್ಟು "ತಪ್ಪು ಹುಡುಕಿ, ನೆಟ್ ನೋಡಿ ಪರವಾಗಿಲ್ಲ" ಎಂದಿದ್ದು ಮಾತ್ರ ಗೆದ್ದಿತು. ತಪ್ಪನ್ನು ಕೊನೆಯ ಸಾಲಿನಲ್ಲಿ ಇಡಬೇಡಿ, ಉತ್ತರ ತಾಳೆ ನೋಡಿ ಹಿಡಿದುಬಿಡುತ್ತಾರೆ. ಎರಡನೇ ಅಥವಾ ಮೂರನೇ ಹೆಜ್ಜೆಯಲ್ಲಿ, ಏಕಮಾನದಲ್ಲೋ ಚಿಹ್ನೆಯಲ್ಲೋ ಇಡಿ.