ಎಲ್‌ಡ್ಯಾಪ್ ಲಾಗಿನ್ ಜೋಡಣೆ: ಇಂಪೋರ್ಟ್ ಒತ್ತುವ ಮೊದಲು ಐಡಿ ಯಾವುದೆಂದು ತೀರ್ಮಾನಿಸಿ

ಆಕ್ಟಿವ್ ಡೈರೆಕ್ಟರಿಯ (ಸಂಸ್ಥೆಯ ಬಳಕೆದಾರರ ಖಾತೆಗಳನ್ನು ಒಂದೆಡೆ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಖಾತೆಗಳನ್ನು ಎಲ್‌ಡ್ಯಾಪ್ (ಅಂಥ ಡೈರೆಕ್ಟರಿಯಲ್ಲಿ ಹುಡುಕಲು, ಲಾಗಿನ್ ಪರೀಕ್ಷಿಸಲು ಬಳಸುವ ಪ್ರೋಟೋಕಾಲ್) ಮೂಲಕ ಇನ್ನೊಂದು ಸಾಫ್ಟ್‌ವೇರಿಗೆ ತರುವಾಗ ಮೊದಲು ಒಂದು ಲೋಕಲ್ ಅಡ್ಮಿನ್ ಖಾತೆಯನ್ನು ಎಲ್‌ಡ್ಯಾಪ್‌ನ ಗೊಡವೆಯಿಲ್ಲದಂತೆ ಹಾಗೇ ಉಳಿಸಿಕೊಳ್ಳಿ. ಸೆಟ್ಟಿಂಗ್ ಕೆಟ್ಟರೆ ಒಳಗೆ ಹೋಗಲು ಅದೊಂದೇ ದಾರಿ.

ಸಂಪರ್ಕಕ್ಕೆ ಮೊದಲಿನಿಂದಲೇ ಎನ್‌ಕ್ರಿಪ್ಟ್ ಆಗಿರುವ 636 ಪೋರ್ಟ್ ಬಳಸಿ. 389ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಆದೇಶ) ಇಲ್ಲದೆ ಸಿಂಪಲ್ ಬೈಂಡ್ (ಹೆಸರು, ಪಾಸ್‌ವರ್ಡ್ ಕಳಿಸಿ ಲಾಗಿನ್ ಆಗುವುದು) ಮಾಡಿದರೆ ಪಾಸ್‌ವರ್ಡ್ ಬಯಲಲ್ಲೇ ಹರಿಯುತ್ತದೆ. ಸರ್ವರ್ ಜಾಗದಲ್ಲಿ ಐಪಿ ವಿಳಾಸ ಬೇಡ, ಪೂರ್ತಿ ಹೆಸರು ಕೊಡಿ. ಸರ್ಟಿಫಿಕೇಟಿನಲ್ಲಿ ಸಾಮಾನ್ಯವಾಗಿ ಇರುವುದು ಹೆಸರು. ಸಾಫ್ಟ್‌ವೇರ್ ಜಾವಾದ್ದಾದರೆ ರೂಟ್ ಸರ್ಟಿಫಿಕೇಟನ್ನು ಜಾವಾದ ಟ್ರಸ್ಟ್‌ಸ್ಟೋರಿಗೂ (ಅದು ನಂಬುವ ಸರ್ಟಿಫಿಕೇಟುಗಳ ಸಂಗ್ರಹ) ಸೇರಿಸಬೇಕಾಗಬಹುದು.

ಹುಡುಕಾಟಕ್ಕೆ ಓದುವ ಹಕ್ಕಷ್ಟೇ ಇರುವ ಸರ್ವಿಸ್ ಖಾತೆ ಸಾಕು. ಅದರ ಪಾಸ್‌ವರ್ಡ್ ಅವಧಿ ಮುಗಿದ ದಿನ ಯಾರಿಗೂ ಲಾಗಿನ್ ಆಗುವುದಿಲ್ಲ, ಆ ತಾರೀಕು ಗೊತ್ತಿರಲಿ. ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟು ಲಾಗಿನ್ ಆಗಲು ನೋಡಿ; ಆಗಬಾರದು. ಖಾಲಿ ಪಾಸ್‌ವರ್ಡಿನ ಬೈಂಡಿಗೆ ಕೆಲವು ಸರ್ವರ್‌ಗಳು ‘ಯಶಸ್ವಿ’ ಎಂದೇ ಉತ್ತರಿಸುತ್ತವೆ. ಸಾಫ್ಟ್‌ವೇರ್ ಅದನ್ನು ನಂಬಿದರೆ ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ಒಳಗೆ ಬರಬಹುದು.

ಇನ್ನು ಐಡಿ. ಇಮೇಲನ್ನೇ ಗುರುತಾಗಿಟ್ಟರೆ, ಒಬ್ಬರು ಹೆಸರು ಬದಲಿಸಿಕೊಂಡು ಇಮೇಲೂ ಬದಲಾದಾಗ ಮುಂದಿನ ಸಿಂಕ್ ಅವರಿಗೆ ಎರಡನೇ ಖಾತೆ ತೆರೆಯುತ್ತದೆ. ಹಳೆಯ ಕಡತ, ಅನುಮತಿ ಎಲ್ಲ ಮೊದಲನೆಯದರಲ್ಲೇ ಉಳಿಯುತ್ತವೆ. ಆಮೇಲೆ ಇವನ್ನು ಕೂಡಿಸುವುದು ಬಹಳ ಕಷ್ಟದ ಕೆಲಸ. ಹಾಗಾಗಿ ಡೈರೆಕ್ಟರಿಯೇ ಪ್ರತಿ ಖಾತೆಗೂ ಕೊಡುವ ಗುರುತಾದ ಆಬ್ಜೆಕ್ಟ್‌ಜಿಯುಐಡಿ (ಚಿಕ್ಕದಾಗಿ ಜಿಯುಐಡಿ) ಬಳಸಿ; ಇನ್ನೊಂದು ಡೈರೆಕ್ಟರಿ ಸರ್ವರ್ ಆದ ಓಪನ್‌ಎಲ್‌ಡ್ಯಾಪ್‌ನಲ್ಲಾದರೆ ಎಂಟ್ರಿಯುಯುಐಡಿ. ಹೆಸರು, ವಿಭಾಗ ಏನೇ ಬದಲಾದರೂ ಇವು ಬದಲಾಗುವುದಿಲ್ಲ. ಜಿಯುಐಡಿ 16 ಬೈಟಿನ ಬೈನರಿ. ಅಕ್ಷರರೂಪದಲ್ಲಿ ಬರೆದಾಗ ಅದರ ಮೊದಲ ಮೂರು ಭಾಗಗಳ ಬೈಟುಗಳು ತಿರುವುಮುರುವಾಗಿ ಕಾಣುತ್ತವೆ. ಎರಡು ಕಡೆಯ ಮೌಲ್ಯ ತಾಳೆಯಾಗದಿದ್ದರೆ ಮೊದಲು ಇದನ್ನೇ ನೋಡಿ. ಸಾಫ್ಟ್‌ವೇರಿನಲ್ಲಿ ಆಗಲೇ ಲೋಕಲ್ ಖಾತೆಗಳಿದ್ದರೆ ಒಮ್ಮೆ ಮಾತ್ರ ಇಮೇಲಿನಿಂದ ಹೊಂದಿಸಿ, ಜಿಯುಐಡಿ ತುಂಬಿ, ಇಮೇಲ್ ಹೊಂದಾಣಿಕೆಯನ್ನು ಆಫ್ ಮಾಡಿ.

ಯಾವ ಖಾತೆಗಳು ಬರಬೇಕೆಂದು ಹೇಳುವ ಫಿಲ್ಟರಿನಲ್ಲಿ ಆಬ್ಜೆಕ್ಟ್‌ಕ್ಲಾಸ್ ‘ಯೂಸರ್’ ಎಂದಷ್ಟೇ ಹಾಕಿದರೆ ಕಂಪ್ಯೂಟರ್ ಖಾತೆಗಳೂ ಬರುತ್ತವೆ. ಆಬ್ಜೆಕ್ಟ್‌ಕೆಟಗರಿ ‘ಪರ್ಸನ್’ ಸೇರಿಸಿ. ನಿಷ್ಕ್ರಿಯ ಖಾತೆಗಳನ್ನು ಬಿಡಲು ಯೂಸರ್‌ಅಕೌಂಟ್‌ಕಂಟ್ರೋಲ್ (ಖಾತೆಯ ಸ್ಥಿತಿಗಳನ್ನು ಕೂಡಿಸಿಟ್ಟ ಸಂಖ್ಯೆ) 514 ಎಂದು ಹೋಲಿಸಬೇಡಿ. ಪಾಸ್‌ವರ್ಡ್ ಅವಧಿ ಮುಗಿಯದಂತೆ ಇಟ್ಟ ನಿಷ್ಕ್ರಿಯ ಖಾತೆಯಲ್ಲಿ ಅದು 66050 ಆಗಿರುತ್ತದೆ. ಅದರಲ್ಲಿ ‘ನಿಷ್ಕ್ರಿಯ’ ಎಂದು ಸೂಚಿಸುವ, 2ರ ಮೌಲ್ಯದ ಬಿಟ್ ಇದೆಯೇ ಎಂದು ಪರೀಕ್ಷಿಸುವುದೇ ಸರಿ.

ಮೊದಲ ಸುತ್ತಿಗೆ ಐದಾರು ಖಾತೆ ಸಾಕು. ಒಂದು ನಿಷ್ಕ್ರಿಯವಾಗಿರಲಿ, ಒಂದು ಗುಂಪಿನೊಳಗಿನ ಗುಂಪಿನಲ್ಲಿರಲಿ. ಖಾತೆ ಯಾವ ಗುಂಪುಗಳಲ್ಲಿದೆ ಎಂದು ಹೇಳುವ ಮೆಂಬರ್‌ಆಫ್ ನೇರ ಸದಸ್ಯತ್ವವನ್ನು ಮಾತ್ರ ತೋರಿಸುತ್ತದೆ, ಪ್ರೈಮರಿ ಗ್ರೂಪನ್ನಂತೂ ತೋರಿಸುವುದೇ ಇಲ್ಲ.

ಪೂರ್ತಿ ಇಂಪೋರ್ಟ್ ಸರಿಯಾಗಿ 1000ಕ್ಕೆ ನಿಂತರೆ ಪೇಜಿಂಗ್ (ಫಲಿತಾಂಶವನ್ನು ಕಂತುಗಳಲ್ಲಿ ತರಿಸುವುದು) ಆನ್ ಆಗಿಲ್ಲ ಎಂದರ್ಥ. ಆಕ್ಟಿವ್ ಡೈರೆಕ್ಟರಿಯ ಡೀಫಾಲ್ಟ್ ಮಿತಿ ಅಷ್ಟೇ. ‘ಡೈರೆಕ್ಟರಿಯಲ್ಲಿ ಸಿಗದವರನ್ನು ನಿಷ್ಕ್ರಿಯಗೊಳಿಸು’ ಎಂಬ ಆಯ್ಕೆ ಆಗ ಆನ್ ಇದ್ದರೆ ಉಳಿದವರೆಲ್ಲ ಹೊರಗೆ ಬೀಳುತ್ತಾರೆ. ಎಣಿಕೆ ತಾಳೆಯಾಗುವವರೆಗೆ ಅದನ್ನು ಮುಟ್ಟಬೇಡಿ.

ಲಾಗಿನ್ ಸೋತರೆ ಎರರ್ 49ರ (ಲಾಗಿನ್ ವಿವರ ಒಪ್ಪಿತವಾಗಿಲ್ಲ) ಜೊತೆಗಿನ ‘ಡೇಟಾ’ ಅಂಕೆ ಓದಿ: 532 ಪಾಸ್‌ವರ್ಡ್ ಅವಧಿ ಮುಗಿದಿದೆ, 533 ಖಾತೆ ನಿಷ್ಕ್ರಿಯ, 773 ಪಾಸ್‌ವರ್ಡ್ ಬದಲಿಸಬೇಕು, 775 ಖಾತೆ ಲಾಕ್ ಆಗಿದೆ. ಅಡ್ಮಿನ್ ಸೆಷನ್ನನ್ನು ತೆರೆದೇ ಇಟ್ಟು, ಇನ್ನೊಂದು ಬ್ರೌಸರಿನಲ್ಲಿ ಸಾಮಾನ್ಯ ಬಳಕೆದಾರರಾಗಿ ಲಾಗಿನ್ ಆಗಿ ನೋಡಿದ ಮೇಲಷ್ಟೇ ಹೊರಬನ್ನಿ.