ಮಲ್ಪೆಯ ಬಿಸಿಲಲ್ಲಿ ಕ್ಯಾಮೆರಾದ 'ಎಂ' ಕಲಿಯಿರಿ

ಕ್ಯಾಮೆರಾ ಕೊಂಡು ವರ್ಷವಾದರೂ ಮೇಲಿನ ಡಯಲನ್ನು ಆಟೊದಿಂದ ಕದಲಿಸದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. 'ಎಂ' ಅಂದರೆ ಮ್ಯಾನುಯಲ್, ಎಲ್ಲವನ್ನೂ ನಾವೇ ಹೊಂದಿಸುವುದು. ಹೆದರಿಕೆ ಹೋಗಲು ಒಂದು ಸಂಜೆ ಸಾಕು. ಬಿಸಿಲು ಇನ್ನೂ ಗಟ್ಟಿ ಇರುವಾಗಲೇ ಮಲ್ಪೆ ಬೀಚಿಗೆ ಹೋಗಿ, ಮರಳಿನ ಮೇಲೆ ಎಳೆದಿಟ್ಟ ದೋಣಿಯೊಂದನ್ನು ಹುಡುಕಿ. ಅದು ಓಡುವುದಿಲ್ಲ, 'ಬೇಗ ತೆಗೀರಿ' ಅನ್ನುವುದೂ ಇಲ್ಲ.

ಮೊದಲು ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, 100ಕ್ಕೆ ಇಡಿ. ಸದ್ಯಕ್ಕೆ ಅದರ ತಂಟೆಗೆ ಹೋಗಬೇಡಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ತೂತು) ಎಫ್ 8, ಶಟರ್ (ಬೆಳಕು ಒಳಬರುವ ಹೊತ್ತು) ಸೆಕೆಂಡಿನ 1/500. ರೀಲ್ ಕಾಲದವರ ಲೆಕ್ಕ ಇದು: ಒಳ್ಳೆ ಬಿಸಿಲಿಗೆ ಎಫ್ 16 ಇಟ್ಟರೆ, ಐಎಸ್‌ಒ 100ಕ್ಕೆ ಶಟರ್ 1/125ರ ಆಸುಪಾಸು. ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು, ಇಲ್ಲವೇ ಅರ್ಧ. ಎಫ್ 8 ಅದಕ್ಕಿಂತ ಎರಡು ಸ್ಟಾಪ್ ಜಾಸ್ತಿ ತೆರೆದದ್ದು, ಹಾಗಾಗಿ 1/500.

ಎಫ್ ಸಂಖ್ಯೆ ದೊಡ್ಡದಾದರೆ ತೂತು ಚಿಕ್ಕದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬೀಚಿನಲ್ಲಿ ಮಾರುವ ಕಲ್ಲಂಗಡಿ ನೋಡಿ. ನಾಲ್ಕು ಪಾಲು ಮಾಡಿದರೆ ತುಂಡು ದೊಡ್ಡದು, ಹದಿನಾರು ಮಾಡಿದರೆ ಸಣ್ಣದು, ಅಲ್ವಾ? ಎಫ್ ಸಂಖ್ಯೆಯೂ ಹಾಗೆಯೇ ಪಾಲಿನ ಲೆಕ್ಕ.

ಈಗ ಒಂದು ಫೋಟೊ ತೆಗೆಯಿರಿ. ಆಮೇಲೆ ಶಟರನ್ನು 1/250ಕ್ಕೆ ತನ್ನಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಡಯಲ್ ಮೂರು ಸಲ 'ಟಕ್' ಅಂದರೆ ಒಂದು ಸ್ಟಾಪ್. ಬೆಳಕು ದುಪ್ಪಟ್ಟಾಯಿತು, ದೋಣಿ ಬೆಳ್ಳಗೆ ಬಿಳಿಚಿಕೊಂಡಿತು. ಅಪರ್ಚರನ್ನು ಎಫ್ 11ಕ್ಕೆ ಮುಚ್ಚಿ, ಅದೂ ಮೂರೇ ಟಕ್. ಬೆಳಕು ಮತ್ತೆ ಮೊದಲಿನಷ್ಟೇ. ಈ ಕೊಡು-ತೆಗೆದುಕೊಳ್ಳುವ ಲೆಕ್ಕ ಬೆರಳಿಗೆ ಹತ್ತುವವರೆಗೆ ಇಪ್ಪತ್ತು ಮೂವತ್ತು ಸಲ ಮಾಡಿ. ಸುಮ್ನೆ ಓದಿದರೆ ಹತ್ತುವುದಿಲ್ಲ.

ವ್ಯೂಫೈಂಡರಿನ ಕೆಳಗೆ ಸೊನ್ನೆಯ ಅತ್ತಿತ್ತ ಓಡಾಡುವ ಮೀಟರ್ ಇದೆ. ಅದನ್ನು ಕೇಳಿ, ಆದರೆ ಪೂರ್ತಿ ನಂಬಬೇಡಿ. ಜಗತ್ತೆಲ್ಲ ನಡುವಿನ ಬೂದು ಬಣ್ಣ ಅಂದುಕೊಂಡೇ ಅದು ಅಳೆಯುತ್ತದೆ. ಕಂಬಳದ ಕೋಣದ ಮೈ ಫ್ರೇಮ್ ತುಂಬಿದರೆ 'ಬೆಳಕು ಸಾಲದು' ಅನ್ನುತ್ತದೆ. ನೀವು ಮುಳ್ಳನ್ನು ಸೊನ್ನೆಗೆ ತಂದಿರೋ, ಎಣ್ಣೆ ಹಚ್ಚಿದ ಕರಿ ಮೈ ಬೂದಿ ಮೆತ್ತಿದಂತಾಗುತ್ತದೆ, ಚಿಮ್ಮಿದ ಕೆಸರುನೀರು ಬರೀ ಬಿಳಿ. ಅಲ್ಲಿ ಮೈನಸ್ ಒಂದರಲ್ಲಿ ನಿಲ್ಲಿಸಿ. ನೀರಿನ ಹನಿ ಗಾಳಿಯಲ್ಲೇ ನಿಲ್ಲಬೇಕಾದರೆ ಶಟರ್ 1/1000 ಬೇಕು. ಬಿಳಿ ಪಂಚೆ ಉಟ್ಟವರೇ ಫ್ರೇಮ್ ತುಂಬಿದ್ದರೆ ಇದರ ಉಲ್ಟಾ, ಪ್ಲಸ್ ಕಡೆಗೆ.

ಹಗಲು ಕೈಗೆ ಬಂದ ಮೇಲೆ ರಾತ್ರಿ ಯಕ್ಷಗಾನದ ಆಟಕ್ಕೆ ಹೋಗಿ. ಎಂ ಮೋಡಿನ ನಿಜವಾದ ಸುಖ ಬಯಲಾಟದಲ್ಲೇ. ಹಿಂದೆಲ್ಲ ಕತ್ತಲು, ಮುಂದೆ ಹೊಳೆಯುವ ಕಿರೀಟ. ಕತ್ತಲನ್ನು ನೋಡಿ ಗಾಬರಿಯಾಗುವ ಆಟೊ, ವೇಷದ ಮುಖವನ್ನೇ ಸುಟ್ಟುಬಿಡುತ್ತದೆ. ರಂಗಸ್ಥಳದ ಬೆಳಕು ಅಷ್ಟೇನೂ ಬದಲಾಗದಿದ್ದರೆ ಒಮ್ಮೆ ಹೊಂದಿಸಿಟ್ಟರೆ ಸಾಕು. ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟು ತೆರೆದು, ಐಎಸ್‌ಒ 3200, ಶಟರ್ 1/250ರಿಂದ ಶುರು ಮಾಡಿ. ಕ್ಯಾಮೆರಾ ಜೊತೆ ಬಂದ ಲೆನ್ಸಾದರೆ ಐಎಸ್‌ಒ 6400 ಬೇಕಾದೀತು. ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಕಾಣಲಿ ಬಿಡಿ. 1/60ರಲ್ಲಿ ದಿಗಿಣ (ಗಿರ್ರನೆ ಹಾರಿ ತಿರುಗುವ ಕುಣಿತ) ಹಿಡಿಯಲು ಹೋದರೆ ವೇಷವೇ ಕಲಸಿದ ಬಣ್ಣವಾಗುತ್ತದೆ. ಫೋಟೊದಲ್ಲಿ ಅಡ್ಡಪಟ್ಟಿ ಬಂದರೆ ಅದು ಟ್ಯೂಬ್‌ಲೈಟಿನ ಮಿಣುಕು. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಆಗ 1/100ಕ್ಕೆ ಇಳಿಸಿ, ವೇಷ ನಿಂತ ಗಳಿಗೆ ನೋಡಿ ಒತ್ತಿ.

ಒಮ್ಮೆ ಬೆಳಗಿನವರೆಗೆ ಆಟ ನೋಡಿ, ನಿದ್ದೆಗಣ್ಣಲ್ಲೇ ಸೈಂಟ್ ಮೇರೀಸ್ ದ್ವೀಪದ ದೋಣಿ ಹತ್ತಿದ್ದೆ. ಬಿಸಿಲಿಗೆ ಸ್ಕ್ರೀನ್ ಕಾಣಲಿಲ್ಲ, ನೋಡುವ ಗೋಜಿಗೂ ಹೋಗಲಿಲ್ಲ. ಕಂಬ ಕಂಬವಾಗಿ ನಿಂತ ಕಲ್ಲುಗಳ ಅರವತ್ತು ಫೋಟೊ. ಮನೆಗೆ ಬಂದು ತೆರೆದರೆ ಎಲ್ಲವೂ ಬಿಳಿ ಹಾಳೆ. ಐಎಸ್‌ಒ 3200ರಲ್ಲೇ ಕೂತಿತ್ತು. ಈಗ 100ಕ್ಕೆ ತಿರುಗಿಸಿದ ಮೇಲೆಯೇ ಬ್ಯಾಗಿನ ಜಿಪ್ ಎಳೆಯುವುದು.