ಕಚೇರಿಗೆ ಇಮೇಲ್: ಮುಕ್ತ ತಂತ್ರಾಂಶವೋ, ಬಾಡಿಗೆಯ ಸೇವೆಯೋ?

ದಾವಣಗೆರೆಯ ರೈಸ್ ಮಿಲ್ ಆಗಲಿ, ಚಳ್ಳಕೆರೆಯ ಎಣ್ಣೆ ಮಿಲ್ ಆಗಲಿ, ಭೀಮಸಮುದ್ರದ ಅಡಿಕೆ ವ್ಯಾಪಾರವಾಗಲಿ, ಹತ್ತು ಹದಿನೈದು ಜನರ ಕಚೇರಿಗೆ ಇಮೇಲ್ ಮಾಡಿಸುವಾಗ ಮಾಲೀಕರು ಮೊದಲು ಕೇಳುವುದು ದರವನ್ನು. ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಜೋಹೊ ಇವುಗಳಿಗೆ ತಲೆಗಿಷ್ಟೆಂದು ಕಟ್ಟಬೇಕು. ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳುವ ಪೋಸ್ಟ್‌ಫಿಕ್ಸ್ (ಪತ್ರ ಕಳಿಸಿ ಪಡೆಯಲು), ಡವ್‌ಕಾಟ್ (ಪತ್ರಪೆಟ್ಟಿಗೆಗೆ), ರೌಂಡ್‌ಕ್ಯೂಬ್‌ನಂತಹ (ಬ್ರೌಸರಿನಲ್ಲಿ ಓದಲು) ಮುಕ್ತ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಆದರೆ ಅವನ್ನು ನಡೆಸುವವರ ಸಂಬಳ, ಸರ್ವರ್ ಬಾಡಿಗೆ, ಬ್ಯಾಕಪ್ ಇವನ್ನೂ ಅದೇ ಹಾಳೆಯಲ್ಲಿ ಬರೆದು ಕೂಡಿದ ಮೇಲೆಯೇ ಎರಡನ್ನೂ ಹೋಲಿಸಬೇಕು.

ಯಾವುದನ್ನೇ ಆರಿಸಿದರೂ ಡೊಮೇನ್ (ಇಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರು) ನಿಮ್ಮ ಹೆಸರಿನಲ್ಲೇ ನೋಂದಣಿಯಾಗಿರಲಿ. ನಮ್ಮದನ್ನು ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಖಾತೆಯಲ್ಲಿ ಕೊಂಡಿದ್ದರು. ಅವರು ಊರು ಬಿಟ್ಟ ಮೇಲೆ ನವೀಕರಣಕ್ಕಾಗಿ ಎರಡು ತಿಂಗಳು ಅಲೆದಿದ್ದೇವೆ.

ಸ್ವಂತ ಮೇಲ್ ಸರ್ವರ್ ನಡೆಸುವುದರಲ್ಲಿ ನಿಜವಾದ ಕಷ್ಟ ಅನುಸ್ಥಾಪನೆಯಲ್ಲಿಲ್ಲ, ಕಳಿಸಿದ ಪತ್ರ ಎದುರಿನವರ ಸ್ಪ್ಯಾಮ್‌ಗೆ ಬೀಳದಂತೆ ನೋಡಿಕೊಳ್ಳುವುದರಲ್ಲಿದೆ. ಹಿಂದೆ ಬೇರೆ ಯಾರೋ ಸ್ಪ್ಯಾಮ್ ಕಳಿಸಿ ಕೆಡಿಸಿಟ್ಟ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಸರ್ವರ್‌ನ ಸಂಖ್ಯೆ) ನಿಮ್ಮ ಪಾಲಿಗೆ ಬಂದರೆ ಆ ಕೆಟ್ಟ ಹೆಸರೂ ಜೊತೆಗೇ ಬರುತ್ತದೆ. ಪತ್ರ ನಿಜವಾಗಿ ನಿಮ್ಮಿಂದಲೇ ಬಂದಿದೆಯೇ ಎಂದು ಎದುರಿನ ಸರ್ವರ್ ಪರಿಶೀಲಿಸಲು ನೆರವಾಗುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಡಿಎನ್‌ಎಸ್‌ನಲ್ಲಿ (ಡೊಮೇನಿನ ವಿವರಗಳ ಪಟ್ಟಿಯಲ್ಲಿ) ಸೇರಿಸಿ, ಐಪಿ ಯಾವ ಹೆಸರಿನದೆಂದು ಹೇಳುವ ಪಿಟಿಆರ್ ದಾಖಲೆಯನ್ನೂ ಮಾಡಿಸಬೇಕು. ಜಿಮೇಲ್ 2024ರ ಫೆಬ್ರವರಿಯಿಂದ ಈ ನಿಯಮಗಳನ್ನು ಬಿಗಿಗೊಳಿಸಿದೆ. ಪರೀಕ್ಷೆ ಸುಲಭ: ಒಂದು ಜಿಮೇಲ್ ಖಾತೆಗೆ ಪತ್ರ ಕಳಿಸಿ, ಅದನ್ನು ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕೆಗಳ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿರಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಈ ಮೂರೂ ಹೆಸರುಗಳ ಮುಂದೆ 'ಪಾಸ್' ಎಂದು ಕಾಣದಿದ್ದರೆ ಗಿರಾಕಿಗಳಿಗೆ ಕೊಟೇಶನ್ ಕಳಿಸಲು ಇನ್ನೂ ಕಾಲ ಬಂದಿಲ್ಲವೆಂದೇ ತಿಳಿಯಿರಿ. ಕರೆಂಟ್ ಹೋಗಿ ಸರ್ವರ್ ಸ್ವಲ್ಪ ಹೊತ್ತು ನಿಂತರೆ ಪತ್ರಗಳು ಕಳೆದುಹೋಗುವುದಿಲ್ಲ, ಕಳಿಸುವ ಸರ್ವರ್‌ಗಳು ಸಾಮಾನ್ಯವಾಗಿ ಕೆಲವು ದಿನ ಮತ್ತೆ ಮತ್ತೆ ಯತ್ನಿಸುತ್ತವೆ; ಆದರೆ ಬೆಳಗಿನ ದರ ಸಂಜೆ ತಲುಪಿದರೆ ವ್ಯಾಪಾರ ಅಷ್ಟರಲ್ಲಿ ಮುಗಿದಿರುತ್ತದೆ.

ಆದ್ದರಿಂದ ಲಿನಕ್ಸ್ (ಇಂತಹ ಸರ್ವರ್‌ಗಳನ್ನು ನಡೆಸುವ ಮುಕ್ತ ಕಾರ್ಯಾಚರಣಾ ವ್ಯವಸ್ಥೆ) ಬಲ್ಲವರು ಕಚೇರಿಯಲ್ಲಿಲ್ಲದಿದ್ದರೆ ಇಮೇಲನ್ನು ಬಾಡಿಗೆಗೇ ಪಡೆದು, ಕಡತ ಹಂಚಿಕೆ ಮತ್ತು ಕ್ಯಾಲೆಂಡರ್‌ಗೆ ಮಾತ್ರ ನೆಕ್ಸ್ಟ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಳ್ಳುವುದು ನನ್ನ ಸಲಹೆ. ಅದು ಅರ್ಧ ದಿನ ನಿಂತರೂ ಹೊರಗಿನ ಗಿರಾಕಿಗೆ ಗೊತ್ತಾಗುವುದಿಲ್ಲ.

ಹಣ ಕಟ್ಟುವ ಮೊದಲು ಹೊರಬರುವ ದಾರಿಯನ್ನೂ ನೋಡಿಕೊಳ್ಳಿ. ಐಮ್ಯಾಪ್ (ಸರ್ವರ್‌ನಲ್ಲಿರುವ ಪತ್ರಗಳನ್ನು ಬೇರೆ ತಂತ್ರಾಂಶದಿಂದ ಓದುವ ವಿಧಾನ) ಇರುವಲ್ಲಿ ಪತ್ರಗಳನ್ನು ಐಮ್ಯಾಪ್‌ಸಿಂಕ್ ಎಂಬ ಮುಕ್ತ ಸಾಧನದಿಂದ ಸಾಗಿಸಬಹುದು. ಸಿಕ್ಕಿಕೊಳ್ಳುವುದು ಹಂಚಿಕೊಂಡ ಕಡತಗಳ ಅನುಮತಿಗಳು, ಫಾರ್ಮ್‌ಗಳು, ಚಾಟ್‌ಗಳು. ಪ್ರಯೋಗದ ಅವಧಿಯಲ್ಲೇ ಒಂದು ಖಾತೆಯನ್ನು ಪೂರ್ತಿಯಾಗಿ ಹೊರತೆಗೆದು ಬೇರೆಡೆ ತೆರೆದು ನೋಡಿ. ಹಾಗೆಯೇ ಗುಮಾಸ್ತರು ಕೆಲಸ ಬಿಟ್ಟ ದಿನ ಬಾಡಿಗೆ ಉಳಿಸಲೆಂದು ಅವರ ಖಾತೆಯನ್ನು ಅಳಿಸಬೇಡಿ: ಅಳಿಸಿದ ಬಳಕೆದಾರರನ್ನು ಗೂಗಲ್‌ನಲ್ಲಿ 20 ದಿನ, ಮೈಕ್ರೋಸಾಫ್ಟ್‌ನಲ್ಲಿ 30 ದಿನಗಳೊಳಗೆ ಮಾತ್ರ ಮರಳಿ ಪಡೆಯಬಹುದು. ಮೊದಲು ಪಾಸ್‌ವರ್ಡ್ ಬದಲಿಸಿ, ಪತ್ರಗಳ ಪ್ರತಿಯನ್ನು ಇಳಿಸಿಕೊಂಡ ಮೇಲೆ ಅಳಿಸಿರಿ.